ಅಪ್ಸೆಣಬಿನ ಪತಂಗ, ನಿಂಬೆಯ ಚಿಟ್ಟೆ

ಅಪ್ಸೆಣಬು ಹೂ ಬಿಟ್ಟಿರುವ ಹೊಲದಲ್ಲಿ ಬೆಳಿಗ್ಗೆ ಹತ್ತು ಗಂಟೆ ಬಿಸಿಲಿಗೆ ಒಂದು ಸುತ್ತು ಬನ್ನಿ. ಹೆಜ್ಜೆ ಇಟ್ಟ ಕಡೆಯೆಲ್ಲ ಒಂದು ಸಣ್ಣ ಬಿಳಿ ಹುಳ ಎದ್ದು, ನಾಲ್ಕು ಮಾರು ಹಾರಿ, ಮತ್ತೆ ಗಿಡಕ್ಕೇ ಕೂರುತ್ತದೆ. ರೆಕ್ಕೆ ಬಿಚ್ಚಿದರೆ ಒಂದೂಕಾಲು ಅಂಗುಲ ಅಗಲ. ಬಿಳಿ ರೆಕ್ಕೆಯ ಮೇಲೆ ಕುಂಕುಮ ಉದುರಿಸಿದ ಹಾಗೆ ಕೆಂಪು ಚುಕ್ಕೆ, ನಡುನಡುವೆ ಕಪ್ಪು ಚುಕ್ಕೆ. ನಮ್ಮ ಕಡೆ ಇದನ್ನು ಚಿಟ್ಟೆ ಅಂತಲೇ ಕರೆಯೋದು. ಹಗಲು ಹಾರುತ್ತೆ, ಬಣ್ಣ ಇದೆ, ಇನ್ನೇನು ಬೇಕು? ಆದರೆ ಇದು ಚಿಟ್ಟೆ ಅಲ್ಲ, ಪತಂಗ. ದೀಪಕ್ಕೆ ಮುತ್ತುವ ಹುಳಗಳ ಜಾತಿ. ಪುಸ್ತಕದಲ್ಲಿ ಇದರ ಹೆಸರು ಯುಟೆಥೀಸಾ.

ಅದೇ ಹೊಲದ ಬದುವಿನಲ್ಲಿ ನಿಂಬೆ ಸಸಿಗಳಿವೆ. ಅವುಗಳ ಸುತ್ತ ಇನ್ನೊಂದು ಹಾರುತ್ತಿರುತ್ತದೆ. ಇದು ದೊಡ್ಡದು, ಮೂರು ಅಂಗುಲದ ಮೇಲೆ. ಕಪ್ಪು ರೆಕ್ಕೆ ತುಂಬ ತಿಳಿ ಹಳದಿ ಮಚ್ಚೆ, ಹಿಂದಿನ ರೆಕ್ಕೆಯ ಒಳಮೂಲೆಯಲ್ಲಿ ಒಂದು ಕೆಂಪು ಬೊಟ್ಟು. ಇದು ನಿಜವಾದ ಚಿಟ್ಟೆ, ನಿಂಬೆ ಚಿಟ್ಟೆ. ಸ್ವಾಲೋಟೇಲ್ ಅನ್ನುವ ವಂಶದ್ದು. ಆ ಹೆಸರು ಕವಲು ಬಾಲದ ಹಕ್ಕಿಯಿಂದ ಬಂದದ್ದು. ಈ ವಂಶದ ಹಲವು ಚಿಟ್ಟೆಗಳಿಗೆ ಹಿಂದಿನ ರೆಕ್ಕೆಯಲ್ಲಿ ಬಾಲದಂಥ ಕುಡಿ ಇರುತ್ತದೆ. ತಮಾಷೆ ಎಂದರೆ ನಮ್ಮ ನಿಂಬೆ ಚಿಟ್ಟೆಗೆ ಆ ಬಾಲವೇ ಇಲ್ಲ. ಮನೆತನದ ಹೆಸರು ಮಾತ್ರ ಉಳಿದಿದೆ.

ಚಿಟ್ಟೆಯೋ ಪತಂಗವೋ, ರೈತನಿಗೆ ಅದರಿಂದೇನು ಅಂತ ಕೇಳುವವರಿದ್ದಾರೆ. ನನ್ನ ಮಟ್ಟಿಗೆ ಅದು ದುಡ್ಡಿನ ಪ್ರಶ್ನೆಯೇ ಆಯಿತು. ಹೇಳುತ್ತೇನೆ.

ನಮ್ಮ ಮನೆ ಯಶವಂತಪುರದಲ್ಲಿ. ಹೊಲ ಹೆಸರಘಟ್ಟದ ಕಡೆ, ಎರಡೂವರೆ ಎಕರೆ, ಪೂರಾ ಮಳೆಯಾಶ್ರಿತ. ರಾಗಿ, ಸಾಲಿನ ನಡುವೆ ಅವರೆ, ತೊಗರಿ. ಭರಣಿ ಅಥವಾ ಕೃತ್ತಿಕೆ ಮಳೆ ಬಿದ್ದ ಕೂಡಲೇ ಅಪ್ಸೆಣಬು ಚೆಲ್ಲಿ, 45 ದಿನಕ್ಕೆ ಹೂ ಬರುವ ಹೊತ್ತಿಗೆ ಮಗುಚಿ ಹಾಕಿ, ಆಮೇಲೆ ರಾಗಿ ಬಿತ್ತುವುದು ನನ್ನ ಪದ್ಧತಿ. ಅರ್ಧ ಎಕರೆ ಮಾತ್ರ ಮಗುಚದೆ ಬೀಜಕ್ಕೆ ಬಿಡುತ್ತೇನೆ. ಆ ಬೀಜಕ್ಕೆ ಸುತ್ತಲಿನ ನಾಲ್ಕು ಹಳ್ಳಿಯಿಂದ ಬರುತ್ತಾರೆ. ಬದುವಿಗೆ ಎರಡು ವರ್ಷದ ಹಿಂದೆ 60 ನಿಂಬೆ ಸಸಿ ಇಟ್ಟು, ಬೇಸಿಗೆಯಲ್ಲಿ ಬಿಂದಿಗೆಯಲ್ಲಿ ನೀರು ಹೊತ್ತು ಉಳಿಸಿಕೊಂಡಿದ್ದೇನೆ. ಹೊಲದ ಮನೆ ಹಿಂದೆ ಕರಿಬೇವಿನ ಹತ್ತು ಮರ. ಅದರ ಕಟ್ಟು ಕಟ್ಟಿ ಯಶವಂತಪುರದಲ್ಲಿ ಮಾರುವುದು ಸೊಸೆಯ ಕೆಲಸ, ದುಡ್ಡೂ ಅವಳದೇ.

ಹೋದ ಮುಂಗಾರಿನಲ್ಲಿ 60 ನಿಂಬೆ ಸಸಿಯಲ್ಲಿ 11 ಬೋಳಾದವು. ಅದೇ ವಾರ ಅಪ್ಸೆಣಬಿನ ಬೀಜದ ಪಟ್ಟಿಯಲ್ಲಿ ಕಾಯಿಗಳಿಗೆ ತೂತು ಕಂಡಿತು. ಔಷಧಿ ಅಂಗಡಿಯವರನ್ನು ಕೇಳಿದರೆ, "ಎರಡೂ ಚಿಟ್ಟೆ ಹುಳಾನೇ ಗೌಡ್ರೇ, ಒಂದೇ ಬಾಟ್ಲಿ ಸಾಕು, ಕರಿಬೇವಿಗೂ ಹೊಡೀರಿ" ಅಂದರು. ಬಾಟ್ಲಿ ಬೆಲೆಗಿಂತ ಆ ಮಾತು ನನಗೆ ಹಿಡಿಸಲಿಲ್ಲ. ಸೊಸೆಯಂತೂ ಸ್ಪಷ್ಟವಾಗಿ ಹೇಳಿಬಿಟ್ಟಳು, "ಮಾವ, ನಾನು ಕಟ್ಟು ಕೊಡೋ ಮನೆಗಳಲ್ಲಿ ಕರಿಬೇವನ್ನ ತೊಳೆದೂ ತೊಳೀದೆ ಒಗ್ಗರಣೆಗೆ ಹಾಕ್ತಾರೆ. ವಿಷ ಹೊಡೆದ ಸೊಪ್ಪು ನಾನು ಮಾರಲ್ಲ." ಹಾಗಾಗಿ ಬಾಟ್ಲಿ ಕೊಳ್ಳದೆ ಬಂದು, ಹುಳ ಯಾವುದು ಅಂತ ನೋಡಲು ಕೂತೆ. ಮೊಮ್ಮಗ ಜೊತೆಗಿದ್ದ.

ಗುರುತು ರೆಕ್ಕೆಯಲ್ಲಿಲ್ಲ

ಬಣ್ಣ ನೋಡಿ ಚಿಟ್ಟೆ, ಮಾಸಲು ನೋಡಿ ಪತಂಗ ಅನ್ನುವುದು ನಡೆಯುವುದಿಲ್ಲ. ಹಗಲು ರಾತ್ರಿಯ ಲೆಕ್ಕವೂ ನಡೆಯುವುದಿಲ್ಲ. ನೋಡಬೇಕಾದ್ದು ಮೀಸೆ. ಚಿಟ್ಟೆಯ ಮೀಸೆ ಬೆಂಕಿಕಡ್ಡಿ ಹಾಗೆ, ತುದಿಯಲ್ಲಿ ಗುಂಡು. ಪತಂಗದ ಮೀಸೆಗೆ ಆ ಗುಂಡು ಇಲ್ಲ. ಒಂದೋ ದಾರದ ಹಾಗೆ ತುದಿಗೆ ಸಣ್ಣಗಾಗುತ್ತದೆ, ಇಲ್ಲ ಗರಿಯ ಹಾಗೆ ಇರುತ್ತದೆ. ರೇಷ್ಮೆ ಸಾಕಿದವರಿಗೆ ಇದನ್ನು ಹೇಳಿಕೊಡಬೇಕಾಗಿಲ್ಲ. ಗೂಡು ಒಡೆದು ಬರುವ ರೇಷ್ಮೆ ಪತಂಗದ ಬಾಚಣಿಗೆಯಂಥ ಮೀಸೆ ಅವರು ನೋಡಿಯೇ ಇರುತ್ತಾರೆ. ಅಪ್ಸೆಣಬಿನ ಪತಂಗದ್ದು ದಾರದ ಮೀಸೆ.

ಎರಡನೆಯದು ಕೂರುವ ರೀತಿ. ಅಪ್ಸೆಣಬಿನ ಪತಂಗ ಕೂತಾಗ ರೆಕ್ಕೆಯನ್ನು ಮೈಗೆ ಸುತ್ತಿಕೊಳ್ಳುತ್ತದೆ, ಚಳಿಗೆ ಕಂಬಳಿ ಹೊದ್ದ ಮುದುಕನ ಹಾಗೆ. ನಿಂಬೆ ಚಿಟ್ಟೆ ಎಂದೂ ಹಾಗೆ ಸುತ್ತಿಕೊಳ್ಳುವುದಿಲ್ಲ. ಹೂವಿನ ಮೇಲೆ ಇದ್ದಾಗಲೂ ರೆಕ್ಕೆ ಬಡಿಯುತ್ತಲೇ ಇರುತ್ತದೆ. ಕೂತರೆ ಬೆನ್ನ ಮೇಲೆ ಮಡಚುತ್ತದೆ, ಇಲ್ಲ ಅಗಲಿಸಿ ಚಾಚುತ್ತದೆ. ಇನ್ನೊಂದು ಗುರುತು ಕೈಯಲ್ಲಿ ಹಿಡಿದರೇ ಕಾಣುವುದು. ಪತಂಗದ ಹಿಂದಿನ ರೆಕ್ಕೆಯ ಬುಡದಲ್ಲಿ ಒಂದು ಗಟ್ಟಿ ಕೂದಲು ಇದ್ದು, ಅದು ಮುಂದಿನ ರೆಕ್ಕೆಯ ಕೊಂಡಿಗೆ ಸಿಕ್ಕಿಕೊಂಡಿರುತ್ತದೆ. ಎರಡೂ ರೆಕ್ಕೆ ಜೋಡೆತ್ತಿನ ಹಾಗೆ ಒಟ್ಟಿಗೆ ಆಡುತ್ತವೆ. ನಮ್ಮ ಚಿಟ್ಟೆಗಳಿಗೆ ಈ ಕೊಂಡಿ ಇಲ್ಲ.

ಆದರೆ ಬೇಸಾಯಗಾರನಿಗೆ ಉಪಯೋಗಕ್ಕೆ ಬರುವ ಗುರುತು ಹುಳದಲ್ಲಿದೆ. ಅಪ್ಸೆಣಬಿನ ಹುಳ ಕೂದಲಿರುವ ಕಂಬಳಿ ಹುಳ. ಕಪ್ಪು ಮೈ ಮೇಲೆ ಬಿಳಿ ಗೆರೆ, ಕೆಂಪು ಬೊಟ್ಟು. ಎಲೆ ತಿಂದು, ಕಾಯಿ ಬಂದಾಗ ಕಾಯಿ ಕೊರೆದು ಒಳಗಿನ ಬೀಜ ತಿನ್ನುತ್ತದೆ. ಕೊನೆಗೆ ಕೆಳಗೆ ಉದುರಿದ ತರಗಿನಲ್ಲಿ ತೆಳ್ಳಗೆ ನೂಲು ಸುತ್ತಿಕೊಂಡು ಕೋಶವಾಗುತ್ತದೆ.

ನಿಂಬೆಯ ಹುಳಕ್ಕೆ ಕೂದಲಿಲ್ಲ, ನುಣ್ಣಗೆ. ಮರಿಯಾಗಿದ್ದಾಗ ನೋಡಿದರೆ ಹಕ್ಕಿ ಹಿಕ್ಕೆ ಬಿದ್ದಿದೆ ಅನ್ನಬೇಕು, ಕಂದು ಬಣ್ಣಕ್ಕೆ ಬಿಳಿ ಪಟ್ಟೆ. ಬಲಿತ ಮೇಲೆ ಎಲೆ ಹಸಿರು. ಮುಟ್ಟಿದರೆ ತಲೆ ಹಿಂದಿನಿಂದ ಕೆಂಪಗಿನ ಕವಲು ಕೊಂಬು ಹೊರಗೆ ಚಾಚಿ ಗಾಟು ವಾಸನೆ ಬಿಡುತ್ತದೆ. ಮೊಮ್ಮಗನಿಗೆ ಅದೇ ಆಟವಾಯಿತು, "ತಾತ, ನಾಲಿಗೆ ಚಾಚ್ತು ನೋಡು" ಅಂತ. ನಾಲಿಗೆ ಅಲ್ಲ, ಇರುವೆ, ಹಕ್ಕಿ ಹೆದರಿಸುವ ಆಯುಧ. ಈ ಕೊಂಬು ಸ್ವಾಲೋಟೇಲ್ ವಂಶದ ಹುಳಗಳಿಗೆ ಮಾತ್ರ ಇರುವುದು. ಬಾಲ ಇಲ್ಲದಿದ್ದರೂ ನಿಂಬೆ ಚಿಟ್ಟೆ ಇದೇ ವಂಶದ್ದು ಎನ್ನಲು ಇದೊಂದು ಸಾಕ್ಷಿ. ಇದರ ಕೋಶಕ್ಕೆ ಗೂಡಿಲ್ಲ, ಬರಿ ಮೈ. ಕಡ್ಡಿಗೆ ಬಾಲದ ತುದಿ ಅಂಟಿಸಿ, ಸೊಂಟಕ್ಕೆ ಒಂದು ಎಳೆ ನೂಲು ಕಟ್ಟಿಕೊಂಡು ಒರಗಿರುತ್ತದೆ, ತೆಂಗಿನ ಮರ ಹತ್ತುವವನು ಹಗ್ಗ ಹಾಕಿಕೊಂಡ ಹಾಗೆ. ಹಸಿರು ಕಡ್ಡಿಯಲ್ಲಿ ಹಸಿರು ಕೋಶ, ಒಣ ಕಡ್ಡಿಯಲ್ಲಿ ಕಂದು ಕೋಶ. ಹುಡುಕುವವರ ಕಣ್ಣು ಸೋಲುತ್ತದೆ.

ಹಗಲು ಹಾರಲು ಧೈರ್ಯ ಎಲ್ಲಿಂದ?

ಪತಂಗಗಳಲ್ಲಿ ಹೆಚ್ಚಿನವು ರಾತ್ರಿ ಹಾರುತ್ತವೆ. ಹಗಲು ಹಾರಿದರೆ ಹಕ್ಕಿ ಬಾಯಿಗೆ ಹೋಗುತ್ತವೆ. ಹಾಗಾದರೆ ಈ ಅಪ್ಸೆಣಬಿನ ಪತಂಗ ಕಾಜಾಣದ ಎದುರಿಗೇ ಅಷ್ಟು ಸಾವಕಾಶವಾಗಿ ಹಾರುವುದು ಹೇಗೆ? ಉತ್ತರ ಗಿಡದಲ್ಲಿದೆ. ಅಪ್ಸೆಣಬಿನ ಜಾತಿಯ ಗಿಡಗಳಲ್ಲಿ, ಮುಖ್ಯವಾಗಿ ಬೀಜದಲ್ಲಿ, ಒಂದು ಕಹಿ ವಿಷವಿದೆ. ಅದೇ ಕಾರಣಕ್ಕೆ ಬೀಜವನ್ನು ದನದ ಬೂಸದಲ್ಲಿ ಬೆರೆಸಬಾರದು. ಹುಳ ಆ ವಿಷ ತಿಂದು ಮೈಯಲ್ಲಿ ಕೂಡಿಡುತ್ತದೆ, ಪತಂಗವಾದ ಮೇಲೂ ಅದು ಉಳಿಯುತ್ತದೆ. ಕೆಂಪು ಚುಕ್ಕೆ ಅಂದರೆ ಹಕ್ಕಿಗೆ ಕೊಟ್ಟ ನೋಟೀಸು. ಅಮೆರಿಕದಲ್ಲಿ ಇದರ ದಾಯಾದಿ ಪತಂಗ ಒಂದಿದೆ. ಅದರ ಬಗ್ಗೆ ಥಾಮಸ್ ಐಸ್ನರ್ ಎಂಬ ವಿಜ್ಞಾನಿ ವರ್ಷಗಟ್ಟಲೆ ಕೆಲಸ ಮಾಡಿದ್ದರು. ಅದು ಬಲೆಗೆ ಬಿದ್ದರೆ ಜೇಡವೇ ನೂಲು ಕತ್ತರಿಸಿ ಹೊರಗೆ ಬಿಡುತ್ತದಂತೆ! ಗಂಡು ತನ್ನ ಮೈಯ ವಿಷದಲ್ಲಿ ಪಾಲನ್ನು ಕೂಡುವಾಗ ಹೆಣ್ಣಿಗೆ ಕೊಡುತ್ತದೆ, ಹೆಣ್ಣು ಅದನ್ನು ಮೊಟ್ಟೆಗೆ ಹಾಕುತ್ತದೆ. ಹುಟ್ಟುವ ಮೊದಲೇ ಮಕ್ಕಳಿಗೆ ಆಸ್ತಿ.

ಹಗಲು ಹಾರುವ ಬೇರೆ ಪತಂಗಗಳೂ ನಮ್ಮಲ್ಲಿವೆ, ಒಂದೊಂದರದು ಒಂದೊಂದು ಉಪಾಯ. ಅವರೆ, ಅಲಸಂದೆ, ಶ್ರೀಗಂಧದ ಎಲೆ ತಿನ್ನುವ ಒಂದು ಪತಂಗಕ್ಕೆ ಕಪ್ಪು ರೆಕ್ಕೆಯಲ್ಲಿ ಗಾಜಿನ ಕಿಟಕಿ, ಹೊಟ್ಟೆಗೆ ಹಳದಿ ಪಟ್ಟಿ; ದೂರದಿಂದ ಕಣಜ ಅನ್ನಬೇಕು. ಸಂಜೆ ಮುಂಚೆ ಹೂವಿನ ಎದುರು ಗಾಳಿಯಲ್ಲಿ ನಿಂತು ಉದ್ದ ಸೊಂಡಿಲು ಹಾಕಿ ಮಕರಂದ ಕುಡಿಯುವ ಇನ್ನೊಂದಕ್ಕೆ ವೇಗವೇ ರಕ್ಷೆ.

ಸ್ವಾಲೋಟೇಲ್ ಚಿಟ್ಟೆಗಳಿಗೂ ಇದೇ ಹಕ್ಕಿ, ಇದೇ ಭಯ. ಅವುಗಳಲ್ಲಿ ಕೆಲವು ಅಪ್ಸೆಣಬಿನ ಪತಂಗದ ದಾರಿಯನ್ನೇ ಹಿಡಿದಿವೆ. ಕಾಮನ್ ರೋಸ್, ಕ್ರಿಮ್ಸನ್ ರೋಸ್ ಅನ್ನುವ ಎರಡು ಬಾಲದ ಚಿಟ್ಟೆಗಳ ಹುಳ ತಿನ್ನುವುದು ಈಶ್ವರಿ ಬಳ್ಳಿಯನ್ನು. ಆ ಬಳ್ಳಿಯ ವಿಷ ಚಿಟ್ಟೆಯ ಮೈಗೂ ಬರುತ್ತದೆ. ಇವುಗಳ ಮೈಯೇ ಕೆಂಪು, ಹಾರಾಟ ನಿಧಾನ. ಇನ್ನು ಕಾಮನ್ ಮಾರ್ಮನ್ ಅನ್ನುವ ಇನ್ನೊಂದು ಬಾಲದ ಚಿಟ್ಟೆ ಇದೆ. ಅದರ ಹುಳ ನಿಂಬೆ, ಕರಿಬೇವು ತಿನ್ನುತ್ತದೆ, ವಿಷ ಏನೂ ಇಲ್ಲ. ಅದರ ಹೆಣ್ಣುಗಳಲ್ಲಿ ಕೆಲವು ಗಂಡಿನ ಹಾಗೇ ಇರುತ್ತವೆ, ಕೆಲವು ಕಾಮನ್ ರೋಸ್ ವೇಷ ಹಾಕುತ್ತವೆ, ಕೆಲವು ಕ್ರಿಮ್ಸನ್ ರೋಸ್ ವೇಷ. ಹಕ್ಕಿ ಮೋಸ ಹೋಗುತ್ತದೆ. ನೀವು ಮೋಸ ಹೋಗಬೇಕಾಗಿಲ್ಲ, ಮೈ ನೋಡಿ: ಅಸಲಿಗೆ ಕೆಂಪು ಮೈ, ವೇಷಗಾರ್ತಿಗೆ ಕಪ್ಪು ಮೈ. ಈ ವೇಷದ ಹಿಂದೆ ಒಂದೇ ಒಂದು ಜೀನ್ ಇದೆ ಎಂದು 2014ರಲ್ಲಿ ನೇಚರ್ ಪತ್ರಿಕೆಯಲ್ಲಿ ಬಂತು. ಆ ಕೆಲಸ ಮಾಡಿದವರಲ್ಲಿ ಮುಖ್ಯರಾದ ಕೃಷ್ಣಮೇಘ್ ಕುಂಟೆಯವರು ಇಲ್ಲೇ ಜಿಕೆವಿಕೆ ಆವರಣದ ಎನ್‌ಸಿಬಿಎಸ್ ಸಂಸ್ಥೆಯವರು. ನಮ್ಮ ಕರಿಬೇವಿನ ಗಿಡದ ಚಿಟ್ಟೆ ಅಷ್ಟು ದೂರ ಹೋಗಿ ಹೆಸರು ಮಾಡಿದೆ ಅನ್ನುವುದು ನನಗೆ ಖುಷಿಯ ವಿಷಯ.

ಪತಂಗವನ್ನು ಚಿಟ್ಟೆ ಅಂದುಕೊಳ್ಳುವುದು ನಮ್ಮ ಹಳ್ಳಿಯವರಷ್ಟೇ ಅಲ್ಲ. ಈಶಾನ್ಯ ರಾಜ್ಯಗಳ ಕಾಡಿನಲ್ಲಿ ಎಪಿಕೊಪಿಯಾ ಎಂಬ ಪತಂಗ ಹಗಲು ಹಾರುತ್ತದೆ. ಕಪ್ಪು ರೆಕ್ಕೆ, ಕೆಂಪು ಗುರುತು, ಬಾಲ ಸಮೇತ ಅಲ್ಲಿನ ವಿಷದ ಸ್ವಾಲೋಟೇಲ್ ಚಿಟ್ಟೆಯ ಅಚ್ಚು. ಮೀಸೆ ನೋಡದೆ ಹೇಳುವಂತಿಲ್ಲ. ಮಡಗಾಸ್ಕರ್ ದ್ವೀಪದಲ್ಲಿ ಹೊಳೆಯುವ ಹಸಿರು, ಚಿನ್ನದ ಬಣ್ಣದ ಬಾಲದ ಪತಂಗ ಒಂದಿದೆ. 1773ರಲ್ಲಿ ಡ್ರೂರಿ ಎಂಬ ಇಂಗ್ಲಿಷರವರು ಅದನ್ನು ಚಿಟ್ಟೆಯೆಂದೇ ತಿಳಿದು, ಸ್ವಾಲೋಟೇಲ್‌ಗಳ ಪಪಿಲಿಯೋ ಹೆಸರಿನಲ್ಲೇ ವರ್ಣಿಸಿದರು. ಅದು ಬಂಗಾಳ ಅಥವಾ ಚೀನಾದ್ದು ಎಂದು ಅವರಿಗೆ ತಿಳಿಸಿದ್ದರಂತೆ. ಅದರ ಹುಳ ತಿನ್ನುವುದು ನಮ್ಮ ಹರಳು ಗಿಡದ ಕುಟುಂಬದ ಒಂದು ವಿಷದ ಗಿಡವನ್ನು. ಅಲ್ಲೂ ಅದೇ ಕತೆ.

ಒಂದು ಬಾಟ್ಲಿ ಯಾಕೆ ಸಲ್ಲದು

ಅಪ್ಸೆಣಬಿನ ವಿಷಯ ಮೊದಲು. ಹಸಿರೆಲೆ ಗೊಬ್ಬರಕ್ಕೆ ಹಾಕಿದ ಹೊಲಕ್ಕೆ ಈ ಪತಂಗದಿಂದ ಚಿಂತೆಯೇ ಬೇಡ. ಕಾಯಿ ಕಟ್ಟುವ ಮೊದಲೇ ಮಗುಚುತ್ತೇವೆ, ನಾಲ್ಕು ಎಲೆ ತಿಂದರೆ ತಿನ್ನಲಿ. ಕಷ್ಟ ಇರುವುದು ಬೀಜದ ಪಟ್ಟಿಗೆ. ಅಲ್ಲಿ ಹೂವಿನ ಕಾಲದಲ್ಲಿ ವಿಷ ಹೊಡೆದರೆ ಪತಂಗಕ್ಕಿಂತ ಮೊದಲು ಸಾಯುವುದು ದುಂಬಿ, ಜೇನು. ಅಪ್ಸೆಣಬಿನ ಹೂವಿಗೆ ದುಂಬಿ ಬಂದು ಅದುಮಿದರೇ ಕಾಯಿ ಚೆನ್ನಾಗಿ ಕಟ್ಟುವುದು. ಕರಿ ದುಂಬಿ ಕೂತಾಗ ಹೂವು ಭಾರಕ್ಕೆ ಬಾಗುವುದನ್ನು ನೋಡಿರಬಹುದು. ಹುಳ ತಿನ್ನುವ ಬೀಜ ಉಳಿಸಲು ಹೋಗಿ ಕಾಯಿಯೇ ಕಟ್ಟದಂತೆ ಮಾಡಿಕೊಳ್ಳುವ ಲೆಕ್ಕ ಇದು. ನಾನು ಮಾಡಿದ್ದು ಇಷ್ಟೇ: ಬೆಳಿಗ್ಗೆ ಹೊತ್ತು ಕಂಬಳಿ ಹುಳ ಕಂಡ ಕುಡಿಗಳನ್ನು ಬಕೆಟ್ಟಿಗೆ ಬಗ್ಗಿಸಿ ಕೊಡವುವುದು; ಬದುವಿನ ಮೇಲೆ ತಾನಾಗಿ ಬೆಳೆದ, ಒಣಗಿದರೆ ಕಾಯಿ ಗಲಗಲ ಎನ್ನುವ ಅದೇ ಜಾತಿಯ ಕಾಡು ಗಿಡಗಳನ್ನು ಬೀಜದ ಪಟ್ಟಿಯ ಹತ್ತಿರ ಬಿಡದಿರುವುದು; ರಾತ್ರಿ ಒಂದು ಬಲ್ಬಿನ ಕೆಳಗೆ ನೀರಿನ ಬಾಂಡ್ಲಿ ಇಡುವುದು. ಈ ಪತಂಗ ಹಗಲು ಹಾರಿದರೂ ರಾತ್ರಿ ದೀಪಕ್ಕೂ ಬರುತ್ತದೆ. ಬಲ್ಬನ್ನು ರಾತ್ರಿಯೆಲ್ಲ ಉರಿಸಬೇಡಿ, ಬೇಡದ ಹುಳವೂ ಬೀಳುತ್ತದೆ. ಒಂದೆರಡು ತಾಸು ಸಾಕು. ಅರ್ಧ ಎಕರೆಗೆ ಎರಡು ವಾರದ ಕೆಲಸ. ಕಾಯಿ ತೂತು ಪೂರ್ತಿ ನಿಲ್ಲಲಿಲ್ಲ, ಆದರೆ ಬೀಜ ಕೇಳಿಕೊಂಡು ಬಂದವರಿಗೆ ಇಲ್ಲ ಅನ್ನಬೇಕಾಗಲಿಲ್ಲ.

ನಿಂಬೆಗೆ ಬಲ್ಬು ಪ್ರಯೋಜನವಿಲ್ಲ, ಚಿಟ್ಟೆ ದೀಪಕ್ಕೆ ಬರುವುದಿಲ್ಲ. ಅಲ್ಲಿ ಕಣ್ಣೇ ಉಪಾಯ. ಹೆಣ್ಣು ಚಿಟ್ಟೆ ಎಲೆಯನ್ನು ಮುಂಗಾಲಿನಿಂದ ತಟ್ಟಿ ರುಚಿ ನೋಡಿ, ಚಿಗುರಿಗೆ ಒಂದೊಂದೇ ಮೊಟ್ಟೆ ಇಡುತ್ತದೆ. ಸಾಸಿವೆಗಿಂತ ಸಣ್ಣ, ತಿಳಿ ಹಳದಿ ಗುಂಡು. ಮೂರ್ನಾಲ್ಕು ದಿನಕ್ಕೆ ಒಡೆದು ಮರಿ, ಎರಡು ಮೂರು ವಾರ ಹುಳ, ಆಮೇಲೆ ಕೋಶ. ಕೊನೆಯ ದಿನಗಳಲ್ಲೇ ಅದು ಹೆಚ್ಚು ತಿನ್ನುವುದು. ಆದ್ದರಿಂದ ಚಿಗುರು ಬಂದ ಕಾಲದಲ್ಲಿ ನಾಲ್ಕು ದಿನಕ್ಕೊಮ್ಮೆ 60 ಸಸಿ ಸುತ್ತಿ ಬಂದರೆ ಹಕ್ಕಿ ಹಿಕ್ಕೆಯ ರೂಪದಲ್ಲೇ ಸಿಕ್ಕಿಬಿಡುತ್ತವೆ. ಮೊಮ್ಮಗನಿಗೆ ಹುಳಕ್ಕೆ ಒಂದು ರೂಪಾಯಿ ಅಂತ ಮಾತಾಯಿತು. ಮೊದಲ ದಿನ 43 ರೂಪಾಯಿ ಕೊಟ್ಟೆ, ಮೂರನೇ ವಾರ ಆರು ರೂಪಾಯಿಗೆ ಇಳಿಯಿತು. ಅವನಿಗೆ ಬೇಜಾರು! ಕೊಲ್ಲಲು ಅವನು ಒಪ್ಪಲಿಲ್ಲ. ಹಿಡಿದವನ್ನು ಬಾವಿ ಹತ್ತಿರದ ಹಳೇ ನಿಂಬೆ ಮರಕ್ಕೆ ಬಿಟ್ಟ. ದೊಡ್ಡ ಮರಕ್ಕೆ ಇದು ಲೆಕ್ಕಕ್ಕಿಲ್ಲ. ಎರಡು ಮೂರು ವರ್ಷದ ಸಸಿಗೆ ಮಾತ್ರ ಪ್ರಾಣಸಂಕಟ.

ಹುಳ ಕೈಮೀರಿದರೆ ಬೇವಿನ ಬೀಜದ ಕಷಾಯ, 100 ಲೀಟರ್ ನೀರಿಗೆ ಐದು ಕಿಲೊ ಬೀಜದ ಪುಡಿ ರಾತ್ರಿ ನೆನೆಸಿ ಸೋಸಿದ್ದು, ಮರಿ ಹುಳದ ಮೇಲೆ ಕೆಲಸ ಮಾಡುತ್ತದೆ. ಬಿಟಿ ಪುಡಿಯೂ ಆಗುತ್ತದೆ. ಆದರೆ ಹತ್ತಿರ ಹಿಪ್ಪುನೇರಳೆ ತೋಟ ಇದ್ದರೆ ಬಿಟಿ ಮುಟ್ಟಬೇಡಿ. ರೇಷ್ಮೆ ಹುಳವೂ ಪತಂಗದ ಮಗುವೇ, ಆ ಪುಡಿಗೆ ಬಿಳಿ ಹುಳ ಯಾವುದು ಹಸಿರು ಹುಳ ಯಾವುದು ಗೊತ್ತಾಗುವುದಿಲ್ಲ. ಇನ್ನು ಕಪ್ಪಾದ ಕೋಶ ಕಂಡರೆ ಕಿತ್ತು ಹಾಕಬೇಡಿ. ಮೊಮ್ಮಗ ಆರು ಕೋಶವನ್ನು ಡಬ್ಬಿಗೆ ಬಟ್ಟೆ ಕಟ್ಟಿ ಇಟ್ಟಿದ್ದ. ನಾಲ್ಕರಿಂದ ಚಿಟ್ಟೆ ಬಂತು, ಒಂದು ಒಣಗಿತು, ಒಂದರಿಂದ ರಾಗಿ ಕಾಳಿಗಿಂತ ಸಣ್ಣ ಕಣಜಗಳು ಹತ್ತಾರು ಹೊರಟವು. ಚಿಟ್ಟೆಯನ್ನು ಅದರ ಕೋಶದಲ್ಲೇ ತಿಂದು ಬೆಳೆದವು ಅವು. ಮೊಟ್ಟೆಯನ್ನೇ ತಿನ್ನುವ ಟ್ರೈಕೋಗ್ರಾಮ ಎಂಬ ಇನ್ನೂ ಸಣ್ಣ ಕಣಜವೂ ಇದೆ. ಹೆಬ್ಬಾಳದ ಬಳಿಯ ಕೃಷಿ ಕೀಟ ಸಂಪನ್ಮೂಲ ಬ್ಯೂರೋದಲ್ಲಿ ಇಂಥ ಕಣಜಗಳ ಮೇಲೆ ಬಹಳ ಕೆಲಸ ಆಗಿದೆ. ಅಂಗಡಿಯ ಬಾಟ್ಲಿ ಹೊಡೆದರೆ ಇವರೇ ಮೊದಲು ಹೋಗುತ್ತಾರೆ.

ಯಶವಂತಪುರದ ಮನೆಯಲ್ಲಿ ಒಂದು ವಿಷಯ ಗಮನಿಸಿದ್ದೇನೆ. ನಾನು ಹುಡುಗನಾಗಿದ್ದಾಗ ಊರ ಅಂಚಿನ ಹೊಲಗಳಲ್ಲಿ ಎರಡೂ ಇದ್ದವು. ಈಗ ಅಲ್ಲಿ ಹೊಲ ಇಲ್ಲ, ಅಪ್ಸೆಣಬು ಇಲ್ಲ, ಕೆಂಪು ಚುಕ್ಕೆ ಪತಂಗವೂ ನಮ್ಮ ಬೀದಿಯಲ್ಲಿ ಕಾಣುವುದಿಲ್ಲ. ನಿಂಬೆ ಚಿಟ್ಟೆ ಮಾತ್ರ ಮೂರನೇ ಅಂತಸ್ತಿನ ಮೇಲೆ ಕುಂಡದಲ್ಲಿಟ್ಟ ಕರಿಬೇವನ್ನೂ ಹುಡುಕಿಕೊಂಡು ಬರುತ್ತದೆ. ಮಾರ್ಮನ್ ಕೂಡ ಬರುತ್ತದೆ, ಕೆಲವು ಸಲ ರೋಸ್ ವೇಷದಲ್ಲೇ. ಅಸಲಿ ರೋಸ್ ಕಂಡು ವರ್ಷಗಳಾದವು. ಬೇಲಿಗಳ ಜೊತೆ ಈಶ್ವರಿ ಬಳ್ಳಿಯೂ ಹೋಯಿತು. ಅಸಲಿ ಇಲ್ಲದ ಊರಲ್ಲಿ ವೇಷ ಎಷ್ಟು ದಿನ ನಡೆದೀತು, ಅಲ್ಲಿನ ಹಕ್ಕಿಗಳೇ ಹೇಳಬೇಕು.

ಹೊಲದ ಬೇಲಿಗೆ ಈಶ್ವರಿ ಬಳ್ಳಿ ಹಬ್ಬಿಸುವ ಆಸೆ ಇದೆ, ದನ ಬಾಯಿ ಹಾಕದ ಮೂಲೆಯಲ್ಲಿ. ಮನೆಮದ್ದು ಎಂದು ಅದರ ಬೇರು ಕುಡಿಯುವವರು ಮೂತ್ರಪಿಂಡ ಹಾಳುಮಾಡಿಕೊಳ್ಳುತ್ತಾರೆ, ಆ ಕೆಲಸಕ್ಕಲ್ಲ. ಓದುಗರಲ್ಲಿ ಯಾರ ಬಳಿಯಾದರೂ ಬೀಜ ಅಥವಾ ಬೇರು ಬಂದ ಕಡ್ಡಿ ಇದ್ದರೆ ಪತ್ರಿಕೆಗೆ ಬರೆಯಿರಿ. ಬದಲಿಗೆ ಒಂದು ಸೇರು ಅಪ್ಸೆಣಬಿನ ಬೀಜ ಕಳಿಸುತ್ತೇನೆ, ತೂತು ಬೀಳದ್ದು.